ಕೊನೆಯ ದಿನಾಂಕದ ಖಾಲಿ ಜಾಗ

ನಮ್ಮ ಬ್ಲಡ್ ಬ್ಯಾಂಕಿನ ಡೇಟಾಬೇಸ್‌ನಲ್ಲಿ ನನ್ನ ಅಕ್ಕನ ಹೆಸರಿನ ಮೇಲೆ ಒಂದು ಸಾಲಿತ್ತು. ರಕ್ತಕಣದ ಮೇಲೆ ಇಂಥ ಗುರುತಿರುವ ರಕ್ತವನ್ನು ಇವರಿಗೆ ಕೊಡಕೂಡದು, ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕೊಡಕೂಡದು ಎಂದು ಅದರ ಅರ್ಥ. ಅದನ್ನು ಟೈಪ್ ಮಾಡಿದವಳು ನಾನೇ. ಸಾಲಿನ ನಂಬರು, ಆ ಗುರುತಿನ ಹೆಸರು, ಕಂಡುಹಿಡಿದ ತಾರೀಖು, ಸಹಿ ಹಾಕಿದ ಡಾಕ್ಟರ ಇನಿಷಿಯಲ್ಲು, ಎಲ್ಲವೂ ನನಗೆ ಬಾಯಿಪಾಠ.

ಅಕ್ಕನಿಗೆ ಹುಟ್ಟಿನಿಂದಲೇ ರಕ್ತ ಕಡಿಮೆ. ತಿಂಗಳು ತಿಂಗಳು ಹಾಕಿಸಬೇಕಾದಷ್ಟು ಕೆಟ್ಟದ್ದಲ್ಲ, ಬಾಣಂತನವೋ ಆಪರೇಷನ್ನೋ ಬಂದಾಗ ಬೇಕಾಗುತ್ತದೆ. ಏಳು ವರ್ಷದ ಹಿಂದೆ ಹಾಗೆ ಒಮ್ಮೆ ಹಾಕಿಸಿ ಕಗ್ಗದಾಸಪುರದ ಮನೆಗೆ ಕರೆತಂದಿದ್ದೆವು. ವಾರ ಚೆನ್ನಾಗಿದ್ದಳು. ಎಂಟನೆಯ ದಿನ ಬೆಳಿಗ್ಗೆ ಅವಳ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಮೂತ್ರ ಕಾಫಿ ಡಿಕಾಕ್ಷನ್ ಹಾಗೆ ಹೋಗುತ್ತಿತ್ತು. ಆಗ ನಾನು ಈ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಡಾಕ್ಟರನ್ನು ನಾವು ದೊಡ್ಡ ಮೇಡಂ ಎನ್ನುತ್ತೇವೆ. ಅವರು ನನ್ನನ್ನು ಕೂರಿಸಿಕೊಂಡು ವಿವರಿಸಿದರು: "ನಿಮ್ಮಕ್ಕನ ಮೈಗೆ ಆ ರಕ್ತ ಆಗಲ್ಲಮ್ಮ. ಇನ್ನು ಕೆಲವು ತಿಂಗಳಾದ್ಮೇಲೆ ಟೆಸ್ಟ್ ಮಾಡಿದ್ರೆ ಎಲ್ಲ ಸರಿ ಇದೆ ಅನ್ಸುತ್ತೆ. ಮೈ ಮರೆತ ಹಾಗೆ ಕಾಣುತ್ತೆ, ಮರೆತಿರಲ್ಲ. ಅದಕ್ಕೇ ನಾವು ಬರೆದಿಟ್ಕೋಬೇಕು."

ಹಾಗೆ ಬರೆದಿಡುವುದಕ್ಕೆಂದೇ ಒಂದು ಟೇಬಲ್ ಇತ್ತು. ಹಳೆಯ ಕಾಲದ ದಪ್ಪ ರಿಜಿಸ್ಟರು ಕಂಪ್ಯೂಟರಿನೊಳಗೆ ಹೋಗಿ ಕೂತಿದೆ ಎಂದುಕೊಂಡರೆ ಸಾಕು. ಯಾರಿಗೆ ಯಾವ ರಕ್ತ ಆಗದು ಎಂಬುದು, ಅದರ ಜೊತೆಗೆ ದಿನದಿನದ ಪರೀಕ್ಷೆಗಳ ಟಿಪ್ಪಣಿ, ಎಲ್ಲ ಅದರಲ್ಲೇ. ಕಾಗದದ ರಿಜಿಸ್ಟರುಗಳನ್ನು ಐದು ವರ್ಷ ಇಟ್ಟು, ಆಮೇಲೆ ಶಿವಾಜಿನಗರದ ಗುಜರಿಗೆ ಹಾಕಿದ್ದರು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಅಕ್ಕನಿಗೂ ಅದೇ ಧೈರ್ಯ. ನಾವು ಕೊಟ್ಟ ಕಾರ್ಡನ್ನು ಅವಳು ದೇವರ ಫೋಟೋ ಹಿಂದೆಲ್ಲೋ ಸಿಕ್ಕಿಸಿ ಮರೆತುಬಿಟ್ಟಳು. ನಾನೂ ಹುಡುಕಿಸಲಿಲ್ಲ.

ನಮ್ಮ ಆಫೀಸು ಶಿವಾಜಿನಗರ ಬಸ್‌ಸ್ಟ್ಯಾಂಡಿನ ಹಿಂದೆ, ಬ್ರಿಟಿಷರ ದಂಡಿನ ಕಾಲದ ಒಂದು ಬಂಗಲೆಯಲ್ಲಿದೆ. ಸರ್ವರ್ ಇಟ್ಟ ಕೋಣೆ ಯಾವುದೋ ದೊರೆಯ ಬಚ್ಚಲುಮನೆಯಂತೆ. ಈಗಲೂ ಗೋಡೆಯ ಒಂದು ಮೂಲೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಅದರ ಪಕ್ಕದಲ್ಲಿ ನನ್ನ ಮೇಜು. ಡೇಟಾಬೇಸಿನ ಬಾಗಿಲು ಕಾಯುವುದು, ಯಾರಿಗೆ ಏನು ಮುಟ್ಟಲು ಅನುಮತಿ, ಎಷ್ಟು ದಿನಕ್ಕೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ.

ಟೇಬಲ್ ಬೆಳೆದು ಬೆಳೆದು ನಿಧಾನವಾಯಿತು. ತಿದ್ದಿದ ಸಾಲುಗಳ ಹಳೆಯ ಪ್ರತಿಗಳು ಒಳಗೆ ಕಸವಾಗಿ ಉಳಿಯುತ್ತವೆ; ಅದನ್ನು ಆಗಾಗ ಗುಡಿಸಬೇಕು, ಸಾಲು ಬೇಗ ಸಿಗಲೆಂದು ಇರುವ ಹುಡುಕುಪಟ್ಟಿಗಳನ್ನು ಹೊಸದಾಗಿ ಕಟ್ಟಬೇಕು. ಅದಕ್ಕೆ ಹೊರಗಿನ ಒಂದು ಕಂಪನಿಯಿಂದ ಒಬ್ಬ ಎಂಜಿನಿಯರ್ ಬರುತ್ತಿದ್ದರು. ಹಲಸೂರಿನವರು, ಮನೆಮಾತು ತಮಿಳು, ನಲವತ್ತು ದಾಟಿದ ಮನುಷ್ಯ. ನಮ್ಮ ಹಳೆಯ ತಂತ್ರಾಂಶದಲ್ಲಿ ಒಂದು ತೊಡಕಿತ್ತು: ಟೇಬಲ್ಲನ್ನು ಗುಡಿಸುವ ಹಕ್ಕು ಅದರ ಮಾಲೀಕನಿಗೆ ಮಾತ್ರ. ಗುಡಿಸುವವನಿಗೆ ಬರೀ ಪೊರಕೆ ಕೊಡುವ ದಾರಿಯೇ ಇರಲಿಲ್ಲ, ಮನೆಯನ್ನೇ ಅವನ ಹೆಸರಿಗೆ ಮಾಡಿಕೊಡಬೇಕಿತ್ತು. ನಾನು ಅದನ್ನೇ ಮಾಡುತ್ತಿದ್ದೆ, ಆದರೆ ಒಂದು ವಾರದ ಮಟ್ಟಿಗೆ. ಶುಕ್ರವಾರದಿಂದ ಶುಕ್ರವಾರಕ್ಕೆ.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಸರಿಯಾಗಿ ಅವರು ಬಂದು ನಿಲ್ಲುತ್ತಿದ್ದರು. "ಮೇಡಂ, ಇನ್ನೊಂದು ವಾರ ಎಕ್ಸ್‌ಟೆಂಡ್ ಮಾಡ್ಕೊಡ್ತೀರಾ?"

"ಹೋದ ವಾರಾನೇ ಇದೇ ಕೊನೆ ಅಂದಿದ್ರಲ್ರೀ."

"ಏನ್ಮಾಡ್ಲಿ ಮೇಡಂ, ಟೇಬಲ್ ಊದ್ಕೊಂಡು ಕೂತೈತೆ. ಒಂದ್ ಕಡೆ ಗುಡಿಸಿದ್ರೆ ಇನ್ನೊಂದ್ ಕಡೆ ಕಸ."

ಡ್ರಾಯರಿನಲ್ಲಿ ವಿಸ್ತರಣೆಯ ಫಾರಂಗಳ ಕಟ್ಟಿರುತ್ತಿತ್ತು. ದೊಡ್ಡ ಮೇಡಂ ಯಾವಾಗಲೂ ಓಡಾಟದಲ್ಲಿರುತ್ತಿದ್ದರಿಂದ ಒಂದೇ ಸಲ ಇಪ್ಪತ್ತಕ್ಕೆ ಸಹಿ ಹಾಕಿ ಕೊಡುತ್ತಿದ್ದರು. ನಾನು ತಾರೀಖು ತುಂಬಿ, ಕಂಪ್ಯೂಟರಿನಲ್ಲಿ ಅನುಮತಿ ಮುಂದಕ್ಕೆ ಹಾಕಿ, ಟೇಬಲ್ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಲು ಒಂದು ಸಾಲನ್ನು ಹುಡುಕಿ ತೆಗೆಯುತ್ತಿದ್ದೆ. ಅದು ಪ್ರತಿ ಸಲವೂ ಅಕ್ಕನ ಸಾಲೇ. ಅದನ್ನು ಕಂಡ ಮೇಲೆ ಟೀ ಕುಡಿಯುವುದು ನನ್ನ ಅಭ್ಯಾಸ.

ಈ ವಿಸ್ತರಣೆ ನನಗೆ ಹಿಡಿಸುತ್ತಿರಲಿಲ್ಲ ಎಂಬುದನ್ನು ಹೇಳಲೇಬೇಕು. ನಾನು ಚಿಕ್ಕವಳಿದ್ದಾಗ ಕಗ್ಗದಾಸಪುರ ಊರಾಗಿತ್ತು, ನಮ್ಮದು ರಾಗಿ ಬೆಳೆಯುತ್ತಿದ್ದ ಮನೆ. ಸುತ್ತ ಬಡಾವಣೆ ಎದ್ದಾಗ ಅಪ್ಪ ಒಬ್ಬ ಮನುಷ್ಯನಿಗೆ ಜಮೀನಿನ ವ್ಯವಹಾರ ನೋಡಿಕೊಳ್ಳುವ ಅಧಿಕಾರಪತ್ರ, ಜಿಪಿಎ, ಬರೆದುಕೊಟ್ಟರು. ಖಾತೆ ಮಾಡಿಸಲು, ಬೇಲಿ ಹಾಕಿಸಲು, ಕಚೇರಿಗೆ ಅಲೆಯಲು ಅಷ್ಟೆ. ಆತ ಮೊದಮೊದಲು ಪ್ರತಿಯೊಂದಕ್ಕೂ ಮನೆಗೆ ಬಂದು, "ಇಲ್ಲೊಂದು ಸೈನ್ ಹಾಕಣ್ಣ" ಎನ್ನುತ್ತಿದ್ದ. ಆಮೇಲೆ ಬರುವುದು ನಿಂತಿತು. ಪೀಡೆ ತೊಲಗಿತು ಎಂದು ಅಪ್ಪನಿಗೆ ಖುಷಿ. ಒಂದು ದಿನ ಹೊಲಕ್ಕೆ ಹೋದರೆ ಯಾರೋ ಪಾಯ ತೋಡುತ್ತಿದ್ದರು. ಕೇಳಬೇಕಾದ ಅಗತ್ಯವೇ ಅವನಿಗೆ ಉಳಿದಿರಲಿಲ್ಲ. ಕಾಗದದಲ್ಲಿ ಮಾರುವ ಹಕ್ಕೂ ಇತ್ತು, ಎಂದಿಗೆ ಮುಗಿಯುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಎಂದು ಅಮ್ಮ ಸಾಯುವವರೆಗೂ ಅಪ್ಪನನ್ನು ಚುಚ್ಚಿದಳು. ನಾನೂ ಅವಳ ಜೊತೆ ಸೇರಿ ನಕ್ಕವಳೇ. ಅಪ್ಪನಷ್ಟು ದಡ್ಡಿ ನಾನಲ್ಲ ಎಂಬ ಅಹಂಕಾರ ನನಗೆ ಬಹಳ ದಿನ ಇತ್ತು.

ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಗುಡಿಸುವುದಕ್ಕಷ್ಟೇ ಬೇರೆ ಅನುಮತಿ ಬಂದಿತ್ತು. ಗುಡಿಸಬಹುದು, ಪಟ್ಟಿ ಕಟ್ಟಬಹುದು, ಆದರೆ ಒಂದು ಸಾಲನ್ನೂ ಓದಲಾಗದು, ಅಳಿಸಲಾಗದು. ನಾನು ಎರಡು ಸಲ ಕೇಳಿದೆ. "ಓಡ್ತಿರೋ ಗಾಡೀನ ಯಾಕಮ್ಮ ಬಿಚ್ತೀಯ?" ಎಂದರು ದೊಡ್ಡ ಮೇಡಂ. ಮೂರನೆಯ ಸಲ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸೋಮಾರಿತನ.

ಆ ವರ್ಷ ಆಯುಧಪೂಜೆಯನ್ನು ಆಫೀಸಿನಲ್ಲಿ ಶುಕ್ರವಾರ ಇಟ್ಟುಕೊಂಡೆವು. ನಮ್ಮಲ್ಲಿ ಒಂದು ಕಟ್ಟುನಿಟ್ಟು: ಪೂಜೆಯಾದ ಯಂತ್ರವನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ರಕ್ತ ಕೊಡುವ ಕೌಂಟರಿನ ಕಂಪ್ಯೂಟರಿಗೆ ಮಾತ್ರ ವಿನಾಯಿತಿ, ಅದಕ್ಕೆ ದೂರದಿಂದಲೇ ಮಂಗಳಾರತಿ. ಸರ್ವರ್‌ಗೆ ಚೆಂಡುಹೂವಿನ ಹಾರ ಹಾಕಿ, ಎರಡೂ ಕಡೆ ಬಾಳೆಕಂದು ಕಟ್ಟಿ, ನನ್ನ ಕೀಬೋರ್ಡಿಗೆ ಕುಂಕುಮ ಇಡಲು ಒಬ್ಬರು ಬಟ್ಟಲು ಹಿಡಿದು ನಿಂತಿದ್ದರು. ಮಧ್ಯಾಹ್ನ ಮುಟ್ಟುವಂತಿಲ್ಲ ಎಂದು ನಾನು ಬೆಳಿಗ್ಗೆಯೇ ಎಂಜಿನಿಯರಿನ ವಿಸ್ತರಣೆಗೆ ಕೂತಿದ್ದೆ. ಒಂದು ವಾರ ಹಾಕುವುದೋ, ರಜೆಗಳು ಇವೆಯಲ್ಲ ಎಂದು ಎರಡು ವಾರ ಹಾಕುವುದೋ ಎಂದು ಕ್ಯಾಲೆಂಡರ್ ನೋಡುತ್ತಿದ್ದೆ.

"ಮೇಡಂ, ಆರತಿ ಆರೋಗ್ತಾ ಐತೆ, ಬೇಗ ಎದ್ದೇಳಿ!" ಎಂದರು ಬಟ್ಟಲು ಹಿಡಿದವರು.

ತಾರೀಖನ್ನು ಸೋಮವಾರ ತುಂಬಿದರಾಯಿತು ಎಂದು ಕೊನೆಯ ದಿನಾಂಕದ ಜಾಗ ಖಾಲಿ ಬಿಟ್ಟು ಗುಂಡಿ ಒತ್ತಿ ಎದ್ದೆ. ಖಾಲಿ ಬಿಟ್ಟರೆ ಅನುಮತಿಗೆ ಕೊನೆಯೇ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸಬರಿಗೆ ಪಾಠ ಮಾಡುವಾಗ ನಾನೇ ಎಷ್ಟೋ ಸಲ ಹೇಳಿದ ಮಾತು ಅದು. ಕುಂಕುಮ ಇಟ್ಟರು, ಕುಂಬಳಕಾಯಿ ಒಡೆದರು, ಸಿಹಿಬೂಂದಿ ಹಂಚಿದರು. ಸೋಮವಾರ ಯಾವುದೋ ಪ್ರಿಂಟರ್ ಕೆಟ್ಟಿತ್ತು, ಅದರ ಹಿಂದೆ ಬಿದ್ದೆ.

ಮುಂದಿನ ಶುಕ್ರವಾರ ಎಂಜಿನಿಯರ್ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಗುಡಿಸುವ ಕೆಲಸ ಮುಗಿಯಿತು ಅಂತ ಕಾಣುತ್ತದೆ, ಸದ್ಯ, ಎಂದುಕೊಂಡೆ. ಅಪ್ಪನ ಹಾಗೆಯೇ ನನಗೂ ಖುಷಿಯಾಯಿತು. ವಿಸ್ತರಣೆ ಇಲ್ಲದ ಮೇಲೆ ಟೇಬಲ್ ತೆರೆದು ನೋಡುವ ಅಗತ್ಯವೂ ಇರಲಿಲ್ಲ. ಅಕ್ಕನ ಸಾಲನ್ನು ಕಣ್ಣಲ್ಲಿ ಕಂಡು ಟೀಗೆ ಹೋಗುವ ಅಭ್ಯಾಸ ಹಾಗೆ ತಪ್ಪಿತು.

ಆ ದಿನಗಳಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಕೌಂಟರಿನ ಟೆಕ್ನಿಷಿಯನ್, ಇಪ್ಪತ್ತು ವರ್ಷದ ಸರ್ವಿಸಿನ ಮನುಷ್ಯ, ಸುಲಭಕ್ಕೆ ಯಾರನ್ನೂ ಮೆಚ್ಚದವರು, "ಏನ್ ಸ್ಪೀಡ್ ಮೇಡಂ! ಮೊದ್ಲು ಹೆಸ್ರು ಹೊಡೆದು ಕೂತ್ರೆ ಎದ್ದು ನೀರು ಕುಡ್ಕೊಂಡು ಬರ್ಬೋದಿತ್ತು. ಈಗ ಪಟ್ ಅಂತ ಬರ್ತದೆ" ಎಂದರು. ನಾನು ಟೇಬಲ್ಲಿನ ಗಾತ್ರ ನೋಡಿದೆ. ಅರ್ಧಕ್ಕೂ ಕಡಿಮೆಯಾಗಿತ್ತು. ಬರೀ ಗುಡಿಸಿದರೆ ಇಷ್ಟು ಇಳಿಯುತ್ತದೆಯೇ ಎಂದು ಒಂದು ಕ್ಷಣ ಅನಿಸಿತು. ಸಾಲುಗಳನ್ನು ಎಣಿಸಿ ನೋಡಲು ಒಂದು ನಿಮಿಷ ಸಾಕಿತ್ತು. ಎಣಿಸಲಿಲ್ಲ. ಒಳ್ಳೆಯ ಸುದ್ದಿಯನ್ನು ಕೆದಕುವುದು ಯಾಕೆ ಎಂದು ಪರದೆ ಮುಚ್ಚಿದೆ.

ಡಿಸೆಂಬರಿನಲ್ಲಿ ಅಕ್ಕನಿಗೆ ಪಿತ್ತಕೋಶದ ಕಲ್ಲಿನ ನೋವು ಬಂತು. ಭಾವ ಅವಳನ್ನು ಇಂದಿರಾನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ಸಂಜೆ ಅವಳೇ ಫೋನ್ ಮಾಡಿದಳು.

"ನಾಳೆ ಆಪರೇಷನ್ನಂತೆ ಕಣೆ. ಮೊದ್ಲು ರಕ್ತ ಹಾಕ್ಬೇಕಂತೆ. ನಿಮ್ಮಲ್ಲಿಂದಾನೇ ತರಿಸ್ತಾರಂತೆ."

"ಕಾರ್ಡ್ ತಗೊಂಡ್ ಹೋಗಿದ್ಯಾ?"

"ಎಲ್ಲಿಟ್ಟಿದೀನೋ ಏನೋ. ಡಾಕ್ಟ್ರಿಗೆ ಹೇಳಿದೀನಿ, ನನ್ನ ತಂಗಿ ಅಲ್ಲೇ ಇರೋದು, ಎಲ್ಲ ಕಂಪ್ಯೂಟರ್‌ನಾಗೈತೆ ಅಂತ. ಐತಲ್ಲ?"

"ಹೂಂ, ಐತೆ. ನೀನು ಸುಮ್ನೆ ಮಲ್ಕೋ," ಎಂದೆ.

ಮರುದಿನ ಬೆಳಿಗ್ಗೆ ನಾನು ಮೀಟಿಂಗಿನಲ್ಲಿದ್ದೆ. ಯಾವ ವಿಷಯಕ್ಕೆ ಎಂದರೆ ಯಾರೂ ನಂಬುವುದಿಲ್ಲ: ಹೊಸ ಆವೃತ್ತಿಗೆ ಹೋಗುವ ವಿಷಯಕ್ಕೆ. ದೊಡ್ಡ ಮೇಡಂ ಕೊನೆಗೂ ಒಪ್ಪಿದ್ದರು. ಗುಡಿಸುವವರಿಗೆ ಮಾಲೀಕತ್ವ ಕೊಡುವುದು ಎಷ್ಟು ಅಪಾಯ ಎಂದು ನಾನು ಅರ್ಧ ಗಂಟೆ ಭಾಷಣ ಮಾಡಿ ಹೊರಗೆ ಬಂದೆ. ಟೆಕ್ನಿಷಿಯನ್ ನಗುತ್ತಾ ಎದುರಾದರು.

"ಮೇಡಂ, ನಿಮ್ ಅಕ್ಕಂದು ಅಂತ ಫಸ್ಟ್ ಮಾಡ್ಕೊಟ್ಟೆ. ಎರಡು ಬ್ಯಾಗ್ ಕಳಿಸಿ ಆಗಲೇ ಎರಡು ಗಂಟೆ ಮೇಲಾಯ್ತು. ಎಲ್ಲ ಕ್ಲಿಯರ್."

"ಕ್ಲಿಯರ್ ಅಂದ್ರೆ?"

"ಟೆಸ್ಟ್‌ನಲ್ಲಿ ಏನೂ ಬರ್ಲಿಲ್ಲ. ಹಳೇ ನೋಟ್ ಕೂಡ ಏನೂ ಇರ್ಲಿಲ್ಲ."

ಅವರು ಕೆಟ್ಟದ್ದೇನೂ ಮಾಡಿರಲಿಲ್ಲ. ಅಂಥ ಸಾವಿರ ಬ್ಯಾಗುಗಳನ್ನು ಅದೇ ರೀತಿ ನೋಡಿ ಕಳಿಸಿದವರು. ಭಾವ ಫೋನ್ ತೆಗೆಯಲಿಲ್ಲ. ಆಸ್ಪತ್ರೆಯ ನಂಬರು ಹೊಡೆದರೆ ರೆಕಾರ್ಡ್ ಮಾಡಿದ ದನಿ ಇಂಗ್ಲಿಷಿನಲ್ಲಿ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಿತ್ತು. ಇನ್ನೊಂದು ಲೈನಿನಲ್ಲಿ ಹೊಡೆಯುತ್ತಲೇ ಇರಿ ಎಂದು ಟೆಕ್ನಿಷಿಯನ್ನಿಗೆ ಹೇಳಿ ಆಟೋ ಹಿಡಿದೆ. ಹಲಸೂರು ಕೆರೆಯ ಪಕ್ಕ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾನು ಮತ್ತೆ ಮತ್ತೆ ಫೋನ್ ಹೊಡೆಯುವುದನ್ನು ಕಂಡು ಆಟೋದವರು, "ಯಾಕಮ್ಮಾ, ಯಾರಿಗೇನಾಯ್ತು?" ಎಂದರು. ನನ್ನಕ್ಕನನ್ನು ನಾನೇ ಕೊಲ್ಲುತ್ತಿದ್ದೇನೆ ಎಂದು ಹೇಳಲಾರದೆ, "ಬೇಗ ಹೋಗಿ," ಎಂದೆ.

ವಾರ್ಡಿನಲ್ಲಿ ಅಕ್ಕ ದಿಂಬಿಗೆ ಒರಗಿ ಭಾವನ ಜೊತೆ ಮಾತಾಡುತ್ತಿದ್ದಳು. ಒಂದು ಖಾಲಿ ಬ್ಯಾಗು ಟ್ರೇಯಲ್ಲಿತ್ತು. ಇನ್ನೊಂದು ಅರ್ಧ ಆಗಿತ್ತು.

"ನಿಲ್ಸಿ! ನಿಲ್ಸಿ ಅದನ್ನ!" ಎಂದು ಬಾಗಿಲಿನಿಂದಲೇ ಕಿರುಚಿದೆ. ನರ್ಸು ಹೆದರಿ ನಳಿಕೆ ಮುಚ್ಚಿದಳು.

"ಏನಾಯ್ತೆ? ನಾನ್ ಚೆನ್ನಾಗೇ ಇದೀನಲ್ಲ," ಎಂದಳು ಅಕ್ಕ. ಮುಖದಲ್ಲಿ ಬಣ್ಣ ಬಂದಿತ್ತು ಬೇರೆ. ಅವಳ ಡಾಕ್ಟರು ಎಲ್ಲ ಕೇಳಿಸಿಕೊಂಡು ಆಪರೇಷನ್ ಮುಂದೂಡಿದರು. "ಹೋಗಿರೋದನ್ನ ವಾಪಸ್ ತೆಗೆಯೋಕಾಗಲ್ಲ. ಇನ್ನು ಒಂದು ವಾರ, ಹತ್ತು ದಿನ ಕಾಯ್ಬೇಕು," ಎಂದರು.

ಆಫೀಸಿಗೆ ವಾಪಸು ಬಂದು ಅಕ್ಕನ ನಂಬರು ಹೊಡೆದೆ. ಸಾಲು ಇಲ್ಲ. ಯಾರು ಏನು ಮಾಡಿದರೆಂಬ ಲಾಗ್ ತೆಗೆದೆ. ದಸರೆಯಾಗಿ ಮೂರು ವಾರದ ಮೇಲೆ ಒಂದು ಭಾನುವಾರ, ಆ ಎಂಜಿನಿಯರಿನ ಲಾಗಿನ್ನಿನಿಂದ, ಐದು ವರ್ಷದಿಂದ ಯಾರೂ ಬದಲಿಸದ ಸಾಲುಗಳೆಲ್ಲ ಅಳಿಸಲ್ಪಟ್ಟಿದ್ದವು. ಅವರಿಗೆ ಫೋನ್ ಮಾಡಿದೆ.

"ನಾನ್ ಆ ಕಂಪನಿ ಬಿಟ್ಟು ಎರಡು ತಿಂಗಳಾಯ್ತಲ್ಲ ಮೇಡಂ," ಎಂದರು. "ಲಾಗಿನ್ ಹೊಸಬ್ರಿಗೆ ಕೊಟ್ಟು ಬಂದೆ. ಹೆಂಗೂ ಶುಕ್ರವಾರಕ್ಕೆ ಮುಗಿಯುತ್ತೆ, ಅವ್ರು ಬಂದು ನಿಮ್ಮನ್ನ ಕೇಳ್ತಾರೆ, ನೀವು ಎಲ್ಲ ಹೇಳ್ತೀರ ಅಂದ್ಕೊಂಡೆ. ಯಾಕ್ ಮೇಡಂ? ಬಂದಿಲ್ವಾ?"

ಕೇಳುವ ಅಗತ್ಯ ಹೊಸಬರಿಗೆ ಇರಲಿಲ್ಲ. ರಿಜಿಸ್ಟರು ಐದು ವರ್ಷ ಇಟ್ಟರೆ ಸಾಕು ಎಂದು ಯಾರೋ ಹೇಳಿದ್ದನ್ನು ಕೇಳಿ, ಎಲ್ಲೋ ಕೂತು, ಟೇಬಲ್ ಬೇಗ ಓಡಲಿ ಎಂದು ಹಳೆಯದನ್ನೆಲ್ಲ ಗುಡಿಸಿದ್ದರು. ಗುಡಿಸುವ ಅನುಮತಿಯಷ್ಟೇ ಇದ್ದಿದ್ದರೆ ಕಂಪ್ಯೂಟರು ಅವರನ್ನು ತಡೆಯುತ್ತಿತ್ತು. ಅವರು ಮಾಲೀಕರಾಗಿದ್ದರು, ಹಾಗೆ ಮಾಡಿದವಳು ನಾನು. ಬ್ಯಾಕಪ್ ಮೂವತ್ತು ದಿನದ್ದು ಮಾತ್ರ ಇರುತ್ತದೆ. ಮೂವತ್ತು ದಿನ ದಾಟಿ ಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಕ್ಕನ ಸಾಲನ್ನು ಬಾಯಿಪಾಠದಿಂದ ಮತ್ತೆ ಟೈಪ್ ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ.

ಆಮೇಲೆ ಕಾಯುವುದು. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಅಕ್ಕನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣು ನೋಡುತ್ತಿದ್ದೆ. ಮೂರು ದಿನ, ನಾಲ್ಕು ದಿನ, ಬಿಳಿ. "ಏನ್ ನೋಡ್ತೀಯೇ, ಮದ್ವೆ ಹೆಣ್ಣು ನೋಡ್ದಂಗೆ," ಎಂದು ನಗುತ್ತಿದ್ದಳು. ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೇನೋ ಎಂದು ಭಾವ ಬಟ್ಟೆ ಕಟ್ಟಿಟ್ಟಿದ್ದರು. ಎಂಟನೆಯ ದಿನ ನಾನು ಹೋದಾಗ ಅವಳು ನಗಲಿಲ್ಲ. ಕಣ್ಣು ಅರಿಶಿನವಾಗಿತ್ತು.

ಐಸಿಯುನಲ್ಲಿ ಹನ್ನೊಂದು ದಿನ. ಮೂತ್ರಪಿಂಡ ನಿಂತೇ ಹೋಗುತ್ತದೆ ಎಂದರು, ನಿಲ್ಲಲಿಲ್ಲ. ದೇವರ ಹರಕೆ ಹೊತ್ತವಳಲ್ಲದ ನಾನು ಕಂಡ ಕಂಡ ಗುಡಿಗೆಲ್ಲ, ಶಿವಾಜಿನಗರದ ಚರ್ಚಿನ ಮಾತೆಗೂ ಹರಕೆ ಹೊತ್ತೆ. ವಾರ್ಡಿಗೆ ತಂದ ದಿನ, ಭಾವ ಕಾಫಿ ತರಲು ಹೋದಾಗ, ಅವಳಿಗೆ ಎಲ್ಲ ಹೇಳಿದೆ. ಕುಂಕುಮದ ಬಟ್ಟಲು, ಖಾಲಿ ಬಿಟ್ಟ ಜಾಗ, ಎಣಿಸದೆ ಮುಚ್ಚಿದ ಪರದೆ, ಏನನ್ನೂ ಬಿಡಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಕ್ಕ ಬೈಯಲಿಲ್ಲ. "ನಂದು ನಿನ್ ಬಾಯಲ್ಲಿತ್ತು. ಬೇರೆಯೋರ್ದು?" ಎಂದಳು.

ಆ ಪ್ರಶ್ನೆ ನನಗೆ ಅದುವರೆಗೆ ಬಂದಿರಲೇ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ದೊಡ್ಡ ಮೇಡಂ ಹತ್ತಿರ ಹೋಗಿ ಅಕ್ಕನಿಗೆ ಹೇಳಿದಂತೆಯೇ ಅವರಿಗೂ ಹೇಳಿದೆ. ಅವರು ಡ್ರಾಯರಿನಿಂದ ಸಹಿ ಹಾಕಿದ ಖಾಲಿ ಫಾರಂಗಳನ್ನು ತರಿಸಿ, ಒಂದೊಂದನ್ನೇ ಹರಿದರು. ಅಳಿಸಿಹೋದದ್ದು ಎಚ್ಚರಿಕೆಯ, ಪರೀಕ್ಷೆಯ ಟಿಪ್ಪಣಿಯ ಸಾಲುಗಳು ಮಾತ್ರ, ಜನರ ಹೆಸರು, ಫೋನ್ ನಂಬರು ಬೇರೆ ಟೇಬಲ್ಲಿನಲ್ಲಿ ಹಾಗೇ ಉಳಿದಿದ್ದವು. ಆದರೆ ಅಷ್ಟು ಜನರಲ್ಲಿ ಯಾರ ಹೆಸರಿನ ಮೇಲೆ ಎಚ್ಚರಿಕೆ ಇತ್ತು, ಯಾರ ಮೇಲೆ ಇರಲಿಲ್ಲ ಎಂದು ಹೇಳುವವರು ಯಾರೂ ಇಲ್ಲ. ಐದು ವರ್ಷಕ್ಕಿಂತ ಹಿಂದೆ ರಕ್ತ ಪಡೆದ ಎಲ್ಲರಿಗೂ ಫೋನ್ ಮಾಡಿ ಕಾರ್ಡ್ ಇದೆಯೇ ಎಂದು ಕೇಳಬೇಕೆಂದು ತೀರ್ಮಾನವಾಯಿತು. ನಾನೇ ಮಾಡುತ್ತೇನೆ ಎಂದೆ. ಒಂದು ಹೊಸ ಕಾಗದದ ರಿಜಿಸ್ಟರು ತಂದು ಗೆರೆ ಹಾಕಿದೆ: ಹೆಸರು, ಕಾರ್ಡ್ ಇದೆ, ಕಾರ್ಡ್ ಇಲ್ಲ, ಷರಾ.

ಮೊದಲ ಮೂರು ಜನ ಸಿಕ್ಕರು, ಚೆನ್ನಾಗಿದ್ದರು. ನಾಲ್ಕನೆಯದು ಕೆ.ಆರ್. ಪುರದ ನಂಬರು. ಒಬ್ಬ ಹೆಂಗಸು ಎತ್ತಿದರು. ಯಜಮಾನರ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದೆ.

"ಇಲ್ಲಮ್ಮ. ಹೋದ ತಿಂಗ್ಳು ತೀರ್ಕೊಂಡ್ರು."

ಅವರಿಗೆ ಮಾತಾಡಲು ಯಾರಾದರೂ ಬೇಕಿತ್ತೆಂದು ಕಾಣುತ್ತದೆ. "ಆಪರೇಷನ್ ಆಗಿ ಮನೇಗ್ ಬಂದಿದ್ರು ಕಣಮ್ಮ. ಒಂದ್ ವಾರ ಚೆನ್ನಾಗೇ ಓಡಾಡ್ಕೊಂಡಿದ್ರು, ಊಟಾನೂ ಮಾಡ್ತಿದ್ರು. ಅದೇನಾಯ್ತೋ," ಎಂದರು. ಆಮೇಲೆ, "ನೀವ್ ಯಾಕಮ್ಮಾ ಕೇಳ್ತಿರೋದು?" ಎಂದರು.

ಆಪರೇಷನ್ನಿನಲ್ಲಿ ರಕ್ತ ಹಾಕಿದ್ದರಾ ಎಂದು ನಾನು ಕೇಳಬೇಕಿತ್ತು. ಕೊನೆಗೆ ಅವರ ಕಣ್ಣು ಯಾವ ಬಣ್ಣಕ್ಕಿತ್ತು ಎಂದು ಕೇಳಬೇಕಿತ್ತು. "ದಾಖಲೆಗೆ ಅಷ್ಟೇ ಅಮ್ಮ," ಎಂದೆ. ಫೋನ್ ಇಟ್ಟು ರಿಜಿಸ್ಟರಿನಲ್ಲಿ ಅವರ ಹೆಸರು ಬರೆದೆ. ಷರಾ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಆ ಜಾಗ ಇವತ್ತಿಗೂ ಖಾಲಿ ಇದೆ.